ಕೆಂಬೂತದ ಬೇರು

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇದನ್ನು ಕೇಳಿದ ಮೇಲೆ ಯಾರೂ ನನ್ನನ್ನು ಸಮಾಧಾನ ಮಾಡಲು ಬರಬಾರದು. ಹಿಂದೆ ಒಬ್ಬರ ಹತ್ತಿರ ಹೇಳಿಕೊಂಡಿದ್ದೆ. "ಮಗಳಿಗೋಸ್ಕರ ತಾನೆ ಮಾಡಿದ್ದು, ಓಗ್ಲಿ ಬುಡಿ ಗಂಗಾಧರಪ್ನೋರೆ" ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಮಗಳಿಗೋಸ್ಕರವಂತೆ! ಅದೇ ಸುಳ್ಳನ್ನು ನನಗೆ ನಾನೇ ಹೇಳಿಕೊಂಡು ಆ ಕೆಲಸ ಮಾಡಿದ್ದು.

ಐವತ್ತೈದನೆಯ ಇಸವಿ, ಆಷಾಢ ಮಾಸ. ನಮ್ಮೂರು ಹುಣಸೂರಿಗೆ ಆರು ಮೈಲಿ, ಲಕ್ಷ್ಮಣತೀರ್ಥ ಹೊಳೆ ದಾಟಿ ಬರಬೇಕು. ನನ್ನ ಮಗಳು ಮಂಗಳನಿಗೆ ಆಗ ಒಂಬತ್ತು ವರ್ಷ. ನಾಲ್ಕನೆಯ ವರ್ಷದಲ್ಲಿ ಜ್ವರ ಬಂದು, ಜ್ವರ ಬಿಟ್ಟು ಎದ್ದಾಗ ಬಲಗಾಲು ಸೊರಗಿಹೋಗಿತ್ತು. ಬಲಗೈಯನ್ನು ತೊಡೆಯ ಮೇಲೆ ಊರಿ, ಕಾಲನ್ನು ಒತ್ತಿ ಹಿಡಿದು ಹೆಜ್ಜೆ ಹಾಕುತ್ತಿದ್ದಳು. ಹಾಗೆಯೇ ಹೊಲಕ್ಕೆ ಬರುತ್ತಿದ್ದಳು, ಹಾಗೆಯೇ ಕೋಳಿ ಓಡಿಸುತ್ತಿದ್ದಳು, ಹಾಗೆಯೇ ಊರಿನ ಮಕ್ಕಳ ಜೊತೆ ಜಗಳ ಕಾದು ಗೆದ್ದು ಬರುತ್ತಿದ್ದಳು. ಅವಳಿಗೆ ಅದೊಂದು ದೊಡ್ಡ ಸಂಗತಿಯೇ ಆಗಿರಲಿಲ್ಲ. ಸಂಗತಿ ಆಗಿದ್ದದ್ದು ನನಗೆ.

ಮೈಸೂರಿನ ಡಾಕ್ಟರು, "ಇದು ಇಷ್ಟೇ, ಓದಿಸಿ" ಅಂದರು. ಅವರ ಮಾತು ನನಗೆ ಹಿಡಿಸಲಿಲ್ಲ. ಪಿರಿಯಾಪಟ್ಟಣದಲ್ಲಿ ಎಣ್ಣೆ ತಿಕ್ಕುವವನ ಹತ್ತಿರ ಕರೆದುಕೊಂಡು ಹೋದೆ. ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ ಒಬ್ಬ ಸೊಪ್ಪಿನ ಪಟ್ಟು ಕಟ್ಟಿದ, ಮಗುವಿನ ಕಾಲಿಗೆ ಬೊಬ್ಬೆ ಬಂದದ್ದಷ್ಟೇ ಲಾಭ. ನಂಜನಗೂಡಿಗೆ ಹರಕೆ ಹೊತ್ತೆ. ಕಾಲು ಮಾತ್ರ ಇದ್ದ ಹಾಗೇ ಇತ್ತು.

ಆಷಾಢಕ್ಕೆ ಮೊದಲು ಇನ್ನೊಂದು ನಡೆದಿತ್ತು. ಅದನ್ನು ಈಗಲೇ ಹೇಳಬೇಕು. ನನ್ನ ತಮ್ಮ ಷಣ್ಮುಖಪ್ಪನಿಗೆ ಹೆಣ್ಣು ಕೊಡಲು ಹೊಸ ಅಗ್ರಹಾರದವರು ಮನೆ ನೋಡಿಕೊಂಡು ಹೋಗಲು ಬಂದಿದ್ದರು. ಒಳ್ಳೆಯ ಮನೆತನ, ನೀರಾವರಿ ಜಮೀನಿನವರು. ಅವರ ಗಾಡಿ ಬರುವ ಮೊದಲು ನಾನು ಮಂಗಳನನ್ನು ಹಜಾರದ ಕಂಬದ ಪಕ್ಕ ಚಾಪೆಯ ಮೇಲೆ ಕೂರಿಸಿ, ಲಂಗವನ್ನು ಪಾದದವರೆಗೂ ಎಳೆದು, "ಅವ್ರು ಓಗೋಗಂಟ ಏಳ್ಬೇಡ" ಎಂದು ಹೇಳಿದ್ದೆ. ಅವಳು ಏಳಲಿಲ್ಲ. ಬಂದ ಹೆಂಗಸೊಬ್ಬರು, "ಬಾ ಮಗ ಇಲ್ಲಿ, ಹಣ್ಣು ತಗೊ" ಎಂದು ಎರಡು ಸಲ ಕರೆದರು. "ಅವ್ಳಿಗೆ ನಾಚ್ಕೆ ಕಣ್ರವ್ವಾ" ಎಂದು ನಾನೇ ಎದ್ದು ಹೋಗಿ ಹಣ್ಣು ಇಸಿದುಕೊಂಡೆ. ಬೆಳಿಗ್ಗೆ ಕೂತ ಮಗು ಅವರು ಊಟ ಮಾಡಿ, ಎಲೆ ಅಡಿಕೆ ಹಾಕಿ, ಗಾಡಿ ಹೂಡಿಸುವವರೆಗೂ ಕೂತೇ ಇತ್ತು. ಸಂಬಂಧ ಕುದುರಿತು. ನನ್ನ ಮಗಳು ಎಷ್ಟು ಜಾಣೆ ಎಂದು ನಾನು ಹಿಗ್ಗಿದೆ.

ಈಗ ಹಕ್ಕಿಯ ವಿಚಾರಕ್ಕೆ ಬರುತ್ತೇನೆ.

ಆಷಾಢದ ಗಾಳಿ ಎಂಥದೆಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಎರಡು ದಿನ ಬೀಸಿ ಮೂರನೆಯ ಬೆಳಿಗ್ಗೆ ನಿಂತಿತು. ಹೊಲದಂಚಿನ ಕಾರೆಮುಳ್ಳಿನ ಮೆಳೆಯ ಕಡೆಯಿಂದ ಮಂಗಳ ಲಂಗದ ಮಡಿಲು ಹಿಡಿದುಕೊಂಡು ಬಂದಳು. ಮಡಿಲಲ್ಲಿ ಒಂದು ಮರಿ. ಕಪ್ಪು ಚರ್ಮ, ಮೈಮೇಲೆ ಮುದುಕನ ಗಡ್ಡದಂತೆ ಬಿಳಿ ಎಳೆಗಳು. ನೋಡಲು ಚೆಂದವೇನಿಲ್ಲ. ಮುಟ್ಟಿದರೆ ಬುಸ್ ಅನ್ನುತ್ತಿತ್ತು.

"ಗೂಡು ಕಿತ್ತು ಬಿದ್ದೋಗದೆ ಅಪ್ಪಾ. ಇದೊಂದೇ ಉಳ್ದಿರಾದು. ಏನ್ಮಾಡನ?"

ನನ್ನ ಹೆಂಡತಿ ಗುರುಶಾಂತಮ್ಮ ಒಳಗಿನಿಂದ ಬಂದಳು. "ಒಲೆ ಪಕ್ಕ ಕುಕ್ಕೆ ಕವುಚಿ ಮಡುಗನ. ಹಾಲಲ್ಲಿ ಅನ್ನ ಕಿವುಚಿ ಹಾಕುದ್ರೆ ತಿಂತದೆ" ಅಂದಳು.

ಅಷ್ಟರಲ್ಲಿ ಸಣ್ಣಬೀರಯ್ಯ ಕುರಿ ಹೊಡೆದುಕೊಂಡು ಬಂದ. ಹಾಲುಮತದವನು, ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವನು. ಆದರೂ ನಾನು ಅವನಿಗೆ ಏಕವಚನ, ಅವನು ನನಗೆ ಬಹುವಚನ, ಆಗೆಲ್ಲ ಹಾಗೇ ಇತ್ತು. ಅವನ ಮನೆಯಲ್ಲಿ ಹಬ್ಬಕ್ಕೆ ಕುರಿ ಬೀಳುತ್ತದೆ ಎಂದು ನಾವು ಅಲ್ಲಿ ನೀರೂ ಕುಡಿಯುತ್ತಿರಲಿಲ್ಲ. ನಾವು ಲಿಂಗವಂತರು, ಇರುವೆ ಸತ್ತರೂ ಶಿವಶಿವಾ ಎನ್ನುವವರು. ಈ ಹೆಮ್ಮೆಯನ್ನು ನೆನಪಿಟ್ಟುಕೊಳ್ಳಿ.

ಬೀರಯ್ಯ ಮರಿಯನ್ನು ಅಂಗೈ ಮೇಲೆ ತಿರುಗಿಸಿ ನೋಡಿದ. ರೆಕ್ಕೆ ಬಿಡಿಸಿದ, ಎರಡೂ ಕಾಲು ಮೆಲ್ಲಗೆ ಎಳೆದು ನೋಡಿದ. "ಕೆಂಬೂತದ ಮರಿ. ಏನೂ ಆಗಿಲ್ಲ, ಕಾಲು ಗಟ್ಟಿಯಾಗವೆ" ಅಂದ. "ಹಾಲು ಅನ್ನ ತಿನ್ನೋ ಜಾತಿಯಲ್ಲ ಕಣ್ರವ್ವಾ ಇದು. ಬಸವನಹುಳ, ಓತಿಕ್ಯಾತ ತಿಂದು ಬೆಳ್ಯೋದು. ಮನೇಲಿ ಮಡಿಕಂಡ್ರೆ ಮೂರೇ ದಿನ. ಒಂದು ಬುಟ್ಟೀಲಿ ಹುಲ್ಲಾಕಿ, ಬಿದ್ದಿದ್ದ ತಾವೇ ಮೆಳೆ ಒಳೀಕೆ ಕಟ್ಬುಡಿ. ಅವ್ವ ಅಪ್ಪ ಎಲ್ಡೂ ಬಂದು ಗುಟುಕು ಕೊಡ್ತವೆ."

"ಮನುಷ್ಯರ ಕೈ ಸೋಕಿದ್ ಮರೀನ ತಾಯಿ ಸೇರ್ಸಾಕಿಲ್ಲ ಅಂತಾರಲ್ಲ?" ಎಂದು ಗುರುಶಾಂತಮ್ಮ ಕೇಳಿದಳು.

"ಯಾರೇಳುದ್ರು? ಎತ್ತ ಮಗೀನ ನೀವು ಬುಟ್ಬುಟ್ಟೀರಾ, ಬೇರೇರು ಎತ್ಕಂಡ್ರು ಅಂತ?" ಬೀರಯ್ಯ ನಕ್ಕ. "ಕೂಗ್ತಾ ಅದೆ ಕೇಳಿ ಅಲ್ಲಿ."

ನಿಜ, ಮೆಳೆಯ ಕಡೆಯಿಂದ ಊಪ್, ಊಪ್ ಎಂದು ಕೂಗು ಬರುತ್ತಲೇ ಇತ್ತು. ಕೆಂಬೂತ ಕಾಗೆಯಷ್ಟೇ ದೊಡ್ಡದು, ಇಟ್ಟಿಗೆ ಬಣ್ಣದ ರೆಕ್ಕೆ, ಕೆಂಪು ಕಣ್ಣು. ಬೆಳಿಗ್ಗೆ ಎದ್ದು ಅದರ ಮುಖ ನೋಡಿದರೆ ಒಳ್ಳೆಯದಾಗುತ್ತದೆ ಎಂದು ನಮ್ಮಲ್ಲಿ ನಂಬಿಕೆ.

ಇಷ್ಟೇ ಕೆಲಸ ನೋಡಿ. ಒಂದು ಬುಟ್ಟಿ, ಒಂದು ಹಿಡಿ ಹುಲ್ಲು, ಒಂದು ಗಜ ಹುರಿ. ದಾರಿ ತಿಳಿದವನು ದಾರಿ ತೋರಿಸಿದ್ದ. ಅಷ್ಟು ಮಾಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಆದರೆ ಕೆಂಬೂತ ಎಂದು ಅವನು ಹೇಳಿದಾಗಲೇ ನನ್ನ ಅಜ್ಜಿ ಪುಟ್ಟಮಲ್ಲಮ್ಮ ಹೇಳುತ್ತಿದ್ದದ್ದು ನೆನಪಾಯಿತು. ಕೆಂಬೂತದ ಮರಿಯ ಕಾಲು ಮುರಿದರೆ ತಾಯಿ ಹಕ್ಕಿ ಯಾರೂ ಕಾಣದ ಜಾಗದಿಂದ ಸಂಜೀವಿನಿ ಬೇರು ತಂದು ಗೂಡಿನಲ್ಲಿ ಇಡುತ್ತದೆ, ಕಾಲು ಕೂಡಿಕೊಳ್ಳುತ್ತದೆ. ಆಮೇಲೆ ಗೂಡಿನ ಕಡ್ಡಿಗಳನ್ನು ಒಂದೊಂದಾಗಿ ಹರಿಯುವ ನೀರಿಗೆ ಹಾಕಬೇಕು. ಯಾವ ಕಡ್ಡಿ ನೀರಿಗೆ ಎದುರಾಗಿ ಹೋಗುತ್ತದೋ ಅದೇ ಬೇರು. ತೇಯ್ದು ಹಚ್ಚಿದರೆ ಕುಂಟನೂ ಎದ್ದು ಓಡುತ್ತಾನೆ.

ನಾನು ಹುಣಸೂರಿನಲ್ಲಿ ಲೋಯರ್ ಸೆಕೆಂಡರಿ ಓದಿದವನು. ನಂಬಿದೆಯಾ ಎಂದು ಕೇಳಿದರೆ ಗೊತ್ತಿಲ್ಲ. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ ಎನ್ನುತ್ತಾರೆ. ಮುಳುಗುತ್ತಿದ್ದವಳು ನನ್ನ ಮಗಳಲ್ಲ ಎನ್ನುವುದು ಮಾತ್ರ ಆಗ ಹೊಳೆಯಲಿಲ್ಲ.

ಬುಟ್ಟಿ ಸಿದ್ಧ ಮಾಡಿದೆ. ಮರಿಯನ್ನು ತಾನೇ ಹೊತ್ತು ತರುತ್ತೇನೆ ಎಂದು ಮಂಗಳ ಹಟ ಹಿಡಿದಳು. ಒಂದು ಕೈ ಮಡಿಲಿಗೆ, ಒಂದು ಕೈ ತೊಡೆಗೆ. ಕಾಲುವೆ ದಾಟುವಾಗ ಮುಗ್ಗರಿಸಿ ಮೊಣಕಾಲೂರಿದಳು, ಆದರೆ ಮಡಿಲು ಬಿಡಲಿಲ್ಲ. ಮೆಳೆಯಲ್ಲಿ ಮುಳ್ಳು ಎಂದು ಹೇಳಿ ಅವಳನ್ನು ಬದುವಿನ ಮೇಲೆ ಕೂರಿಸಿ, ಮರಿಯನ್ನು ಇಸಿದುಕೊಂಡು ನಾನೊಬ್ಬನೇ ಒಳಗೆ ನುಗ್ಗಿದೆ.

ಒಳಗೆ ಕುಕ್ಕುರುಗಾಲಿನಲ್ಲಿ ಕೂತೆ. ಮರಿಯನ್ನು ಎಡ ಅಂಗೈ ಮೇಲೆ ಇಟ್ಟುಕೊಂಡೆ. ದಿನವೂ ಬೆಳಿಗ್ಗೆ ಲಿಂಗವನ್ನು ಇಟ್ಟು ಪೂಜೆ ಮಾಡುವ ಅಂಗೈ ಅದು. ಬಲಗೈಯ ಎರಡು ಬೆರಳಲ್ಲಿ ಕಾಲನ್ನು ಹಿಡಿದಾಗ ಮರಿ ಬಾಯಿ ಅಗಲಿಸಿತು. ಗುಟುಕು ಕೊಡುತ್ತೇನೆ ಎಂದುಕೊಂಡಿರಬೇಕು. ಮುರಿದೆ. ಶಬ್ದ ಬರಲಿಲ್ಲ, ಬೆರಳಿಗೆ ಮಾತ್ರ ಗೊತ್ತಾಯಿತು.

"ಆಯ್ತಾ ಅಪ್ಪಾ? ಚೆನ್ನಾಗದಾ?" ಎಂದು ಬದುವಿನಿಂದ ಕೂಗಿದಳು.

"ಚೆನ್ನಾಗದೆ ಕಣವ್ವಾ" ಎಂದೆ.

ಮಾರನೆಯ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ಪೂಜೆಗೆ ಕೂತೆ. ಲಿಂಗವನ್ನು ಅದೇ ಎಡ ಅಂಗೈ ಮೇಲೆ ಇಟ್ಟುಕೊಂಡೆ. ಬೇಗ ಬೇಗ ಪತ್ರೆ ಏರಿಸಿ ಮುಗಿಸಿಬಿಟ್ಟೆ. ಹೇಳೋದು ಶಾಸ್ತ್ರ, ಹಾಕೋದು ಗಾಳ ಎಂದು ನಾನು ಊರಿನವರನ್ನು ಎಷ್ಟು ಸಲ ಹಂಗಿಸಿದ್ದೆನೋ!

ಅಂದಿನಿಂದ ದಿನಕ್ಕೆ ಎರಡು ಸಲ ಮೆಳೆಗೆ ನುಗ್ಗಿ ಬುಟ್ಟಿ ತಡಕುವುದೇ ನನ್ನ ಕೆಲಸವಾಯಿತು. ಬೀರಯ್ಯ ಹೇಳಿದ ಹಾಗೇ ಆಯಿತು. ದೊಡ್ಡ ಹಕ್ಕಿಗಳೆರಡೂ ಬಂದವು, ಮಿಡತೆ ತಂದವು, ಬಸವನಹುಳ ತಂದವು, ಒಂದು ದಿನ ಹಾವಿನ ಮರಿಯನ್ನೂ ತಂದವು. ಬೇರು ತರಲಿಲ್ಲ. ಮರಿ ಒಂದು ಪಕ್ಕಕ್ಕೆ ವಾಲಿಕೊಂಡು ತಿನ್ನುತ್ತಿತ್ತು. ನನ್ನ ಕೈ ಕಂಡರೆ ಮೂಲೆಗೆ ತೆವಳುತ್ತಿತ್ತು.

ಇದೆಲ್ಲಕ್ಕಿಂತ ಕಷ್ಟವಾದದ್ದು ಮಂಗಳನ ಹೊಗಳಿಕೆ. ಅಪ್ಪ ಮುಳ್ಳಿನಲ್ಲಿ ಮೈ ಗೀರಿಸಿಕೊಂಡು ದಿನಾ ಮರಿಯನ್ನು ನೋಡಿ ಬರುತ್ತಾನೆ ಎಂದು ಅವಳು ಊರೆಲ್ಲ ಹೇಳಿಕೊಂಡು ಬಂದಳು. ಬಾವಿಯ ಹತ್ತಿರ ನಮ್ಮೂರ ಯಶೋದಮ್ಮ ನನ್ನನ್ನು ತಡೆದು, "ಏನೇ ಅನ್ನಿ, ನಿಮ್ಮಂತ ಕರುಳು ಯಾರ್ಗದೆ ಗಂಗಾಧರಪ್ನೋರೆ" ಅಂದರು. ನೆಲ ಬಾಯಿ ಬಿಡಬಾರದೇ ಅನ್ನಿಸಿತು. "ಅದ್ಯಾವ ದೊಡ್ಡ ಕೆಲ್ಸ ಬುಡಿ" ಎಂದೆ. ಅದನ್ನೂ ಅವರು ವಿನಯ ಎಂದುಕೊಂಡರು.

ಏಳನೆಯ ದಿನ ನಾನು ಹೊಲದಿಂದ ಬರುವಷ್ಟರಲ್ಲಿ ಮಂಗಳ ಬೀರಯ್ಯನನ್ನು ಕರೆದುಕೊಂಡು ಹೋಗಿ ಬುಟ್ಟಿಯನ್ನು ಬದುವಿಗೆ ಇಳಿಸಿದ್ದಳು. ಗರಿ ಮೂಡುತ್ತಿದ್ದ ಮರಿಗೆ ನಿಲ್ಲಲು ಬರುವುದಿಲ್ಲ ಎಂದು ಅವಳಿಗೆ ಅನುಮಾನ ಬಂದಿತ್ತು. ಬೀರಯ್ಯ ಬಿದಿರಿನ ಸೀಳು ಸವರಿ ನಯ ಮಾಡಿ, ತನ್ನ ಕಂಬಳಿಯ ಎಳೆ ಕಿತ್ತು, ಕಾಲಿಗೆ ದಬ್ಬೆ ಕಟ್ಟುತ್ತಿದ್ದ. ಅವನ ದಪ್ಪ ಬೆರಳುಗಳಲ್ಲಿ ಮರಿ ಅಲುಗಾಡದೆ ಕೂತಿತ್ತು. ಕುರಿ ಕೊಯ್ಯುವ ಕೈ ಅದು. ನನ್ನ ಕೈ ಕಂಡರೆ ತೆವಳುವ ಮರಿ ಆ ಕೈಯಲ್ಲಿ ಸುಮ್ಮನಿತ್ತು.

ಬೀರಯ್ಯ ತಲೆ ಎತ್ತಿ ನನ್ನನ್ನು ನೋಡಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಅವನು ಕಳ್ಳ ಎಂದೂ ಅನ್ನಲಿಲ್ಲ, ನಾನೇ ಬಾಯಿ ಬಿಟ್ಟೆ. "ಬಿದ್ದಾಗ್ಲೇ ಮುರ್ದಿರ್ಬೇಕು" ಎಂದೆ.

"ಅವತ್ತು ನೋಡಿದ್ನಲ್ಲ ಅಪ್ನೋರೆ" ಎಂದಷ್ಟೇ ಹೇಳಿ ಅವನು ಗಂಟು ಬಿಗಿದ.

ಆಗ ಮಂಗಳ ಅಳಲು ಶುರುಮಾಡಿದಳು. ಜಗಳದಲ್ಲಿ ಹೊಡೆತ ತಿಂದರೂ ಅಳದ ಹುಡುಗಿ. "ನಾನೇ ಮುರ್ದಿದ್ದು. ಕಾಲ್ವೆ ತಾವ ಮುಗ್ಗರಿಸಿದ್ನಲ್ಲ, ಆಗ ಮೊಣಕಾಲು ಊರ್ಬುಟ್ಟೆ ಇದ್ರ ಮ್ಯಾಲೆ. ನಾನು ಕುಂಟಿ ಅಲ್ವಾ, ಅದ್ಕೇ ಇದ್ನೂ ಕುಂಟಿ ಮಾಡ್ದೆ. ನೀನು ಎತ್ಕತೀನಿ ಅಂದೆ, ನಾನೇ ಬುಡ್ನಿಲ್ಲ."

ಅವಳು ತನ್ನನ್ನು ತಾನೇ ಕುಂಟಿ ಎಂದದ್ದನ್ನು ನಾನು ಆವರೆಗೆ ಕೇಳಿರಲಿಲ್ಲ. ಅಲ್ಲೇ ಹೇಳಿಬಿಡಬೇಕಿತ್ತು. ಬೀರಯ್ಯನ ಮುಂದೆ, ಕುರಿ ಕಾಯುವವನ ಮುಂದೆ, ನನ್ನ ಮರ್ಯಾದೆ ಹೋಗುತ್ತದೆ ಎಂದು ನಾಲಿಗೆ ಕಚ್ಚಿಕೊಂಡೆ. "ಓಗ್ಲಿ ಬುಡವ್ವ, ಬೇಕಂತ ಮಾಡಿದ್ಯಾ?" ಎಂದೆ. ಕೇಳಿಸಿಕೊಂಡಿರಾ? ನನ್ನ ಪಾಪವನ್ನು ಅವಳ ತಲೆಗೆ ಕಟ್ಟಿ, ಮೇಲೆ ಕ್ಷಮಿಸಿಯೂಬಿಟ್ಟೆ. ಥೂ!

ಆ ದಿನ ಅವಳು ಊಟ ಮಾಡಲಿಲ್ಲ. ಮಾರನೆಯ ದಿನ ಒಂದು ತುತ್ತು ತಿಂದಳು. ಗುರುಶಾಂತಮ್ಮ ಎಷ್ಟು ಹೇಳಿದರೂ ಕರುವನ್ನು ಮುಟ್ಟಲಿಲ್ಲ, ನೆರೆಮನೆಯ ಕೂಸನ್ನು ಎತ್ತಿಕೊಳ್ಳಲಿಲ್ಲ. "ನನ್ ಕೈ ಸರಿಯಿಲ್ಲ" ಎಂದು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು.

ಅದನ್ನು ನೋಡಿಯಾದರೂ ನನಗೆ ಬುದ್ಧಿ ಬಂತೇ? ಇಲ್ಲ. ಬೇರು ಬಂದೇ ಇರಬಹುದು, ನನ್ನ ಕಣ್ಣಿಗೆ ಬಿದ್ದಿಲ್ಲ, ಕಾಲು ವಾಸಿಯಾಗಿಬಿಟ್ಟರೆ ಹೇಳುವ ಅಗತ್ಯವೇ ಇಲ್ಲ ಎಂದು ಲೆಕ್ಕ ಹಾಕಿದೆ. ಕಿತ್ತು ಬಿದ್ದಿದ್ದ ಹಳೆಯ ಗೂಡನ್ನೂ ಬುಟ್ಟಿಯಲ್ಲಿದ್ದ ಹುಲ್ಲು ಕಡ್ಡಿಯನ್ನೂ ಪಂಚೆಯಲ್ಲಿ ಕಟ್ಟಿಕೊಂಡು, ಮರಿಗೆ ಹೊಸ ಹುಲ್ಲು ಹಾಸಿ, ಹೊಳೆಗೆ ಹೋದೆ.

ಆಷಾಢದ ಹೊಳೆ, ಕೆಂಪು ನೀರು. ದಡದಲ್ಲಿ ನಿಂತು ಒಂದೊಂದೇ ಕಡ್ಡಿ ಬಿಟ್ಟೆ. ಒಂದು ಹೋಯಿತು, ಹತ್ತು ಹೋಯಿತು, ನೂರು ಹೋಯಿತು. ಎಲ್ಲ ಕೆಳಕ್ಕೇ. ಕೊನೆಯ ಹಿಡಿ ಇದ್ದಾಗ ಒಂದು ಕಡ್ಡಿ ತಿರುಗಿತು. ನಿಜವಾಗಿಯೂ ತಿರುಗಿ ಒಂದು ಮಾರು ಮೇಲಕ್ಕೆ ಬಂತು! "ಶಿವನೇ!" ಎಂದು ಕಿರುಚಿ ಸೊಂಟಮಟ್ಟದ ನೀರಿಗೆ ಹಾರಿ, ಎರಡು ಕೈಯಲ್ಲೂ ಬಾಚಲು ಹೋದೆ. ಕಲ್ಲಿನ ಹಿಂದಿನ ಸುಳಿ ಅದು. ಕಡ್ಡಿ ಒಂದು ಸುತ್ತು ಹಾಕಿ ಎಲ್ಲ ಕಡ್ಡಿಗಳ ಹಿಂದೆ ಹೊರಟುಹೋಯಿತು. ತಿರುಗಿ ನೋಡಿದರೆ ದಡದ ಮೇಲೆ ಬೀರಯ್ಯ ಕುರಿಗಳಿಗೆ ನೀರು ಕುಡಿಸುತ್ತ ನಿಂತಿದ್ದ.

ಅವನು ನಗಲಿಲ್ಲ. ಕೈ ಕೊಟ್ಟು ಮೇಲಕ್ಕೆ ಎಳೆದ. ಆಮೇಲೆ ಹೇಳಿದ: "ನಮ್ಮಪ್ಪನೂ ಇದೇ ತಾವ ನಿಂತಿದ್ದ ಕಣ್ರಪ್ಪಾ. ನಮ್ಮವ್ವಂಗೆ ಲಕ್ವ ಹೊಡ್ದಿತ್ತು. ಬೇರು ಸಿಕ್ನಿಲ್ಲ, ಅವ್ವನೂ ಉಳೀನಿಲ್ಲ. ಸಾಯೋಗಂಟ ಕೆಂಬೂತ ಕೂಗುದ್ರೆ ನಮ್ಮಪ್ಪ ಕಿವಿ ಮುಚ್ಕತಿದ್ದ."

ನಾನು ಪಂಚೆ ಹಿಂಡುತ್ತ ನಿಂತೆ.

"ನಂಗೇನೂ ಏಳ್ಬೇಡಿ" ಎಂದ ಅವನು. "ನಾನ್ಯಾರು ಕೇಳಾಕೆ. ಆ ಮಗೀಗೆ ಏಳಿ. ಮಾಡ್ದೇ ಇರೋದ್ನ ತಲೆ ಮ್ಯಾಲೆ ಹೊತ್ಕಂಡು ಕುಂತದೆ. ಅದು ಕಾಲಿಗಿಂತ ಕೆಟ್ಟ ರೋಗ ಆಗ್ಬುಡ್ತದೆ."

ಒದ್ದೆ ಬಟ್ಟೆಯಲ್ಲೇ ನೇರ ಮೆಳೆಯ ಹತ್ತಿರ ಹೋದೆ. ಮಂಗಳ ಬದುವಿನ ಮೇಲೆ ಕೂತು ದೂರದಿಂದಲೇ ಬುಟ್ಟಿಯನ್ನು ನೋಡುತ್ತಿದ್ದಳು.

ಮರಿ ಏನಾಯಿತೆಂದು ನೀವು ಆಮೇಲೆ ಕೇಳುತ್ತೀರಿ, ಈಗಲೇ ಹೇಳಿಬಿಡುತ್ತೇನೆ. ಇನ್ನೂ ಎಂಟು ದಿನ ಅದು ಬುಟ್ಟಿಯಲ್ಲಿತ್ತು. ಒಂಬತ್ತನೆಯ ದಿನ ಇರಲಿಲ್ಲ. ಬಿದಿರಿನ ಸೀಳು ಮಾತ್ರ ಕೆಳಗೆ ಬಿದ್ದಿತ್ತು. ಕುಂಟಿಕೊಂಡು ಹೋಯಿತೋ, ಮುಂಗುಸಿ ಹೊತ್ತುಕೊಂಡು ಹೋಯಿತೋ, ನಮಗೆ ಯಾರಿಗೂ ತಿಳಿಯಲಿಲ್ಲ.

ಅವಳ ಮುಂದೆ ನೆಲದ ಮೇಲೆ ಕೂತು ಹೇಳಿದೆ. "ಮಗಾ, ಆ ಕಾಲು ನೀನು ಮುರೀಲಿಲ್ಲ. ನಾನು ಮುರ್ದೆ. ಬೇಕಂತ ಮುರ್ದೆ." ಅಜ್ಜಿಯ ಕಥೆ, ಬೇರು, ಹೊಳೆ, ಎಲ್ಲ ಹೇಳಿದೆ.

ಅವಳು ನನ್ನ ಕೈಗಳನ್ನೇ ನೋಡಿದಳು. ನಾನು ಅವನ್ನು ಎಲ್ಲಿ ಇಟ್ಟುಕೊಳ್ಳಲಿ ಎಂದು ತಿಳಿಯದೆ ಮಡಿಲಲ್ಲಿ ಬಿಟ್ಟುಕೊಂಡೆ.

"ಯಾಕೆ?" ಎಂದಳು.

"ನಿನ್ನ ಕಾಲು ವಾಸಿಯಾಗ್ಲಿ ಅಂತ ಕಣವ್ವಾ. ನಿಂಗೋಸ್ಕರ."

"ನಾನು ಕೇಳಿದ್ನಾ?"

ಅಳುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. ಎದ್ದಳು. ಕೈಯನ್ನು ತೊಡೆಗೆ ಊರಿ ಮನೆಯ ಕಡೆಗೆ ಹೊರಟಳು. ಕಾಲುವೆಯ ಹತ್ತಿರ ನಾನು ಮುಂದೆ ಹೋಗಿ ಬಗ್ಗಿ, "ಬಾ, ಉಪ್ಪಿನಮೂಟೆ ಹೊತ್ಕತೀನಿ" ಎಂದೆ. ಯಾವಾಗಲೂ ನಗುತ್ತ ಬೆನ್ನಿಗೆ ಹಾರುತ್ತಿದ್ದವಳು ನನ್ನನ್ನು ಸುತ್ತಿ, ಕೂತು, ತೆವಳಿ, ತಾನೇ ಕಾಲುವೆ ದಾಟಿದಳು. ಆಚೆ ದಡದಲ್ಲಿ ನಿಂತು ತಿರುಗಿದಳು.

"ಅವತ್ತು ಹೊಸ ಅಗ್ರಹಾರದೋರು ಬಂದಿದ್ರಲ್ಲ. ಅವ್ಳಿಗೆ ನಾಚ್ಕೆ ಅಂತ ಏಳ್ದಲ್ಲಪ್ಪಾ ನೀನು."

"ಹೂಂ ಕಣವ್ವಾ."

"ನಂಗೆ ನಾಚ್ಕೆ ಆಗಿರ್ನಿಲ್ಲ. ಬಾಯಾರ್ಕೆ ಆಗಿತ್ತು."

ಅಷ್ಟು ಹೇಳಿ ಅವಳು ನಡೆದಳು. ನಾನು ಕಾಲುವೆಯ ಈಚೆ ಬಗ್ಗಿದವನು ಬಗ್ಗಿದ ಹಾಗೇ ಇದ್ದೆ.